ತೊಟ್ಟಿಲು ಕಟ್ಟುವ ತೊಲೆ

ಆ ವರ್ಷದ ದೊಡ್ಡ ಗಾಳಿ ಬೀಸುವ ಹಿಂದಿನ ದಿನ ನಮ್ಮ ಮನೆಯವರು ಪಡಸಾಲೆಯಲ್ಲಿ ಕೂತು ಲಟ್ಟಣಿಗೆ ಕೆತ್ತುತ್ತಿದ್ದರು. ಆಷಾಢದಲ್ಲಿ ಬಡಿಗರಿಗೆ ಹೊರಗಿನ ಕೆಲಸ ಇರುವುದಿಲ್ಲ. ಹಳಿಯಾಳದಲ್ಲಿ ನಾಲ್ಕು ದಿನದಿಂದ ಜಿಟಿಜಿಟಿ ಹಿಡಿದಿತ್ತು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಕಟ್ಟಿಗೆ ಹಸಿ ಇದ್ದುದರಿಂದ ಹೊಗೆ ಪಡಸಾಲೆಯವರೆಗೂ ಹೋಗುತ್ತಿತ್ತು.

"ಲಟ್ಟಣಿಗಿ ಮಾಡಿ ಮಾಡಿ ಮನಿ ತುಂಬಿಸೀರಿ. ನಾ ನೋಡಿದ್ರ ಕೈಲೆ ರೊಟ್ಟಿ ಬಡಿಯಾಕಿ," ಎಂದೆ.

"ನಿನಗಂತ ಯಾರು ಮಾಡ್ಯಾರ? ದಾಂಡೇಲಿ ಕ್ವಾರ್ಟರ್ಸಿನ್ಯಾಗ ಚಪಾತಿ ತಿನ್ನೋರು ಭಾಳ ಮಂದಿ ಅದಾರ," ಎಂದರು.

"ಹಂಗಾದ್ರ ಅವರ ಮನಿಗೇ ಉಣ್ಣಾಕ ಹೋಗ್ರಿ."

ಅವರು ನಕ್ಕು ಬಿಸಿ ರೊಟ್ಟಿಗೆ ಕೈ ಚಾಚಿದರು. ಅವತ್ತು ಬೇರೇನೂ ನಡೆಯಲಿಲ್ಲ.

ಅವರು ತೀರಿಹೋಗಿ ಈಗ ಎಂಟು ತಿಂಗಳಾಯಿತು. ಮೊನ್ನೆ ಪಕ್ಕದ ಮನೆಯಲ್ಲಿ ಮಕ್ಕಳಿಗೆಂದು ಹುಣಸೆ ಬೀಜ ಹುರಿದರು. ಆ ವಾಸನೆ ಗೋಡೆ ದಾಟಿ ಬಂದಾಗ, ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಕೂತುಬಿಟ್ಟೆ. ಎಂಬತ್ತರ ದಶಕದ ಆ ಒಂದು ಮಳೆಗಾಲವಿಡೀ ನಮ್ಮ ಮನೆಯಲ್ಲಿ ಅದೇ ವಾಸನೆ ಇತ್ತು.

ಲಟ್ಟಣಿಗೆ ಕೆತ್ತಿದ ಮರುದಿನ ಮಧ್ಯಾಹ್ನ ಪಡುವಣ ಕಡೆಯಿಂದ ಗಾಳಿ ಎದ್ದಿತು. ಪೇಟೆಯ ಅರ್ಧ ಮನೆಗಳ ಹಂಚು ಹಾರಿದವು. ಹಾರದೆ ಉಳಿದದ್ದನ್ನು ಮುಸುವ ಮಂಗಗಳು ಬಂದು ಸರಿಸಿದವು. ಅದರ ಮೇಲೆ ಹದಿನೈದು ದಿನ ಮಳೆ ಸುರಿಯಿತು. ಮೇಲಿನಿಂದ ಇಳಿದ ನೀರು ಛತ್ತಿನ, ಅಂದರೆ ಸೀಲಿಂಗಿನ, ಹಲಗೆಗಳ ಮೇಲೆ ನಿಂತಿತು. ಹಲಗೆಗಳು ಉಬ್ಬಿ ಮೊಳೆ ಬಿಟ್ಟವು, ಸುಣ್ಣ ಹಪ್ಪಳದ ಹಾಗೆ ಎದ್ದು ಬಿತ್ತು. ಶ್ರಾವಣ ಹುಟ್ಟುವ ಹೊತ್ತಿಗೆ ನಮ್ಮವರನ್ನು ಕರೆಯಲು ದಿನಕ್ಕೆ ಇಬ್ಬರಾದರೂ ಬರುತ್ತಿದ್ದರು.

ಆ ಕೆಲಸದಲ್ಲಿ ನನ್ನದೂ ಒಂದು ಪಾಲು ಇತ್ತು. ಅವರು ಹಲಗೆ ಬಿಚ್ಚಿ, ಒಣಗಿಸಿ, ಕೆಟ್ಟದ್ದನ್ನು ತೆಗೆದು ಮತ್ತೆ ಜೋಡಿಸುತ್ತಿದ್ದರು. ನಾನು ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಬೀಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಕುದಿಸಿ ಅಂಟು ಮಾಡುತ್ತಿದ್ದೆ. ಹಳೆ ಧೋತರವನ್ನು ನಾಲ್ಕು ಬೆರಳಗಲ ಹರಿದು, ಅಂಟಿನಲ್ಲಿ ಅದ್ದಿ, ಹಲಗೆಗಳ ಸಂದಿಯ ಮೇಲೆ ಪಟ್ಟಿ ಹಚ್ಚುತ್ತಿದ್ದೆ. ಅದು ಒಣಗಿದ ಮೇಲೆ ಮೂರು ಕೈ ಸುಣ್ಣ. ಹಾಗೆ ಮಾಡಿದರೆ ಸಂದಿ ಕಾಣುವುದಿಲ್ಲ, ಮೇಲಿನ ಧೂಳು ಬೀಳುವುದಿಲ್ಲ. ಅಟ್ಟಣೆಯ ಮೇಲೆ ಕತ್ತು ಎತ್ತಿ ನಿಂತು ನಿಂತು ಸಂಜೆಗೆ ನನ್ನ ಕತ್ತು ಕೆಳಗಿಳಿಯುತ್ತಿರಲಿಲ್ಲ.

ಅವರದೊಂದು ನಿಯಮವಿತ್ತು. ನೀರು ಕುಡಿದ ಮನೆಯಲ್ಲಿ ಮೊದಲು ತೊಲೆಯ ತಲೆ ನೋಡಬೇಕು. ತಲೆ ಎಂದರೆ ಗೋಡೆಯೊಳಗೆ ಹೂತ ತುದಿ. ತೊಲೆ ಕಣ್ಣಿಗೆ ಎಷ್ಟೇ ಗಟ್ಟಿಯಾಗಿ ಕಂಡರೂ ನೀರು ಗೋಡೆಗುಂಟ ಇಳಿದು ಆ ತುದಿಯಲ್ಲೇ ನಿಲ್ಲುತ್ತದೆ. ಅದಕ್ಕೆ ಅವರು ತೊಲೆಯ ಪಕ್ಕದ ಎರಡು ಕಲ್ಲು ಕಿತ್ತು, ಉಳಿ ಚುಚ್ಚಿ ನೋಡಿ, ಆಮೇಲೆ ಹಲಗೆ ಮುಚ್ಚುತ್ತಿದ್ದರು.

ಶಾಂತವ್ವನವರ ಮನೆಯಲ್ಲಿ ಮಾತ್ರ ಹಾಗಾಗಲಿಲ್ಲ.

ಶಾಂತವ್ವನವರದು ಪೇಟೆಯಲ್ಲಿ ಕಿರಾಣಿ ಅಂಗಡಿಯ ಮನೆತನ. ಯಜಮಾನರು ಅಂಗಡಿ ಬಿಟ್ಟು ಏಳುವವರಲ್ಲ, ಮನೆಯ ಕಾರಭಾರವೆಲ್ಲ ಆಕೆಯದೇ. ದನಿ ದೊಡ್ಡದು. ಆಕೆ ಹಿತ್ತಲಲ್ಲಿ ಬೈದರೆ ಅಂಗಡಿಯಲ್ಲಿ ಗಿರಾಕಿ ತಕ್ಕಡಿ ಬಿಡುತ್ತಾನೆ ಎಂದು ಊರವರು ನಗುತ್ತಿದ್ದರು. ಮಗಳು ಮಹಾದೇವಿಯನ್ನು ಮುಂಡಗೋಡಕ್ಕೆ ಕೊಟ್ಟಿದ್ದರು. ಅವಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನಡುಮನೆಯ ಪಕ್ಕದ ಕೋಣೆಯನ್ನು ಅವಳಿಗೆಂದು ಸರಿಮಾಡಬೇಕಿತ್ತು. ಆ ಕೋಣೆಗೆ ನಾಲ್ಕು ತೊಲೆ. ಎಂಟು ತಲೆಗಳಲ್ಲಿ ಅವರು ಏಳನ್ನು ನೋಡಿದರು. ಎಂಟನೆಯದು ದೇವರ ಮನೆಯ ಗೋಡೆಯಲ್ಲಿ, ಸರಿಯಾಗಿ ದೇವರನ್ನು ಕೂಡಿಸಿದ ಜಗಲಿಯ ನೆತ್ತಿಯ ಮೇಲಿತ್ತು. ಶಾಂತವ್ವನವರು ಶ್ರಾವಣವಿಡೀ ಒಪ್ಪೊತ್ತು ಇದ್ದು ಪೂಜೆ ಮಾಡುತ್ತಿದ್ದರು. ಪೂಜೆಗೊಂಡ ಜಗಲಿಯ ಮೇಲೆ ಉಳಿ ಆಡಿಸಿ ದೇವರ ತಲೆಗೆ ಮಣ್ಣು ಬೀಳಿಸುವುದು ಹೇಗೆ ಎಂದು ನಮ್ಮವರು ಹಿಂಜರಿದರು. ಶ್ರಾವಣ ಮುಗಿಯಲಿ ಎಂದರು. ಶ್ರಾವಣ ಮುಗಿಯುತ್ತಲೇ ಚೌತಿ ಬಂತು. ಚೌತಿ ಕಳೆಯಲಿ ಎಂದರು. ಆ ಒಂದು ಮೂಲೆಯ ಹಲಗೆಗಳನ್ನು ಹಾಗೇ ಬಿಟ್ಟಿದ್ದರು.

ಚೌತಿಯ ಮರುದಿನವೇ, ಹೇಳಿದ ದಿನಕ್ಕಿಂತ ಮೊದಲೇ ಮಹಾದೇವಿಗೆ ಹೆರಿಗೆ ಬ್ಯಾನಿ ಸುರುವಾಯಿತು. ಶಾಂತವ್ವನವರು ಕೋಣೆಯ ಬಾಗಿಲಲ್ಲಿ ನಿಂತು ನಮ್ಮವರನ್ನು ಕೂಗಿದರು.

"ಏ ಕಾಳಪ್ಪ, ಆ ಮೂಲಿ ಇವತ್ತ ಮುಚ್ಚಿಬಿಡು! ಹಡಿಯೂ ಹೆಣ್ಮಗಳ ಮ್ಯಾಲ ಧೂಳ ಬೀಳಸ್ತೀ ಏನು?"

ಅವರು ಮುಚ್ಚಿದರು. ನಾನೂ ಗಡಿಬಿಡಿಯಲ್ಲಿ ಪಟ್ಟಿ ಹಚ್ಚಿದೆ. ಅಂಟು ಇನ್ನೂ ಬೆಚ್ಚಗಿತ್ತು. ಸಂಜೆಗೆ ಗಂಡು ಕೂಸು ಹುಟ್ಟಿತು. ಎಲ್ಲರ ಜೊತೆ ನಾವೂ ಸಕ್ಕರೆ ತಿಂದು ಮನೆಗೆ ಬಂದೆವು.

ಆಮೇಲೆ ನಮಗೆ ದಾಂಡೇಲಿಯಲ್ಲಿ ಕೆಲಸ ಸಿಕ್ಕಿತು. ಅವರು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಕೂಸು ಹುಟ್ಟಿದ ಹತ್ತನೆಯ ದಿನ ನಾನು ಒಂದು ಕುಲಾಯಿ ಹೊಲಿದುಕೊಂಡು, ಬೆಲ್ಲ ಕೊಬ್ಬರಿ ಕಟ್ಟಿಕೊಂಡು ಬಾಣಂತಿಯನ್ನು ನೋಡಲು ಹೋದೆ. ಕೋಣೆಯಲ್ಲಿ ಮಂಚದ ಕೆಳಗೆ ಕೆಂಡದ ಶೇಕ ಇಟ್ಟಿದ್ದರು. ಅಜವಾನದ ಹೊಗೆ ತುಂಬಿತ್ತು. ಕೂಸಿನ ತಲೆಗೆ ಕುಲಾಯಿ ತೊಡಿಸಿ, ರೂಢಿಯ ಪ್ರಕಾರ ಕತ್ತು ಎತ್ತಿ ನನ್ನ ಪಟ್ಟಿಗಳನ್ನು ನೋಡಿದೆ.

ಒಂದು ಪಟ್ಟಿ ಹರಿದಿತ್ತು. ಕೆಂಡದ ಕಾವಿಗೆ ಹಲಗೆ ಒಣಗಿ ಸಂದಿ ಬಿಡುವುದುಂಟು. ಆದರೆ ಹಾಗೆ ಬಿಟ್ಟ ಸಂದಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಗಲ ಇರುತ್ತದೆ. ಇದು ಈ ಕಡೆ ಕೂದಲೆಳೆಯಷ್ಟು, ದೇವರ ಮನೆಯ ಕಡೆ ಬೆರಳು ಹೋಗುವಷ್ಟು ಅಗಲವಿತ್ತು. ಅಂದರೆ ಬಾಯಿ ಬಿಟ್ಟದ್ದು ಹಲಗೆಯಲ್ಲ. ತೊಲೆಯೇ ಆ ಕಡೆ ಇಳಿದಿತ್ತು. ತೊಟ್ಟಿಲಿನ ಕೊಂಡಿ ಇದ್ದದ್ದೂ ಅದೇ ತೊಲೆಗೆ. ಮಹಾದೇವಿಯನ್ನೂ ಅದೇ ಕೊಂಡಿಯ ಕೆಳಗೆ ತೂಗಿದ್ದರಂತೆ.

"ಏನ್ ನೋಡಾಕತ್ತೀ ನೀಲವ್ವ? ನಿನ್ನ ಕೆಲಸ ನಿನಗ ಚಂದ ಕಾಣಾಕತ್ತೈತೇನು?" ಎಂದು ಶಾಂತವ್ವನವರು ನಕ್ಕರು. "ಹದಿಮೂರನೇ ದಿನಕ್ಕ ಮುಂಡಗೋಡದ ಬೀಗರು ಬರ್ತಾರ. ಛತ್ತ ನೋಡಿ ಬಾಯಿ ತಗೀಬೇಕು ಅವರು."

ಗಂಡನ ಕೆಲಸದ ಹುಳುಕನ್ನು ಗಂಡನಿಗಿಂತ ಮೊದಲು ಊರಿಗೆ ಹೇಳಬಾರದು ಎಂದುಕೊಂಡೆ. ಕೊಟ್ಟ ಅಂಟಿನುಂಡೆ ತಿಂದು ಬಂದೆ. ದಾರಿಯುದ್ದಕ್ಕೂ ಆ ಕೊಂಡಿ ಕಣ್ಣ ಮುಂದೆ ಬರುತ್ತಿತ್ತು. ಆಕೆಗೆ ಆಗಲೇ ಹೇಳದೆ ಬಂದದ್ದು ನನ್ನ ತಪ್ಪು.

ಅವರು ಬಂದು ಕಾಲು ತೊಳೆಯುತ್ತಿದ್ದಾಗಲೇ ಹೇಳಿದೆ.

"ಶಾಂತವ್ವಾರ ಕ್ವಾಣ್ಯಾಗ ಒಂದು ಸಂದಿ ಬಿಟ್ಟೈತ್ರಿ. ಒಂದು ಕಡೆ ಸಣ್ಣದು, ಒಂದು ಕಡೆ ಅಗಲ."

"ಯಾವ ಕಡೆ ಅಗಲ?"

"ದೇವರ ಮನಿ ಕಡೆ."

ಅವರು ಚರಿಗೆ ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತರು. "ಅದೊಂದು ತಲಿ ನಾ ನೋಡಿಲ್ಲ ನೀಲಾ," ಎಂದರು.

ಅವರನ್ನು ನೋಡಿ ನನಗೆ ಒಂದು ಉಪಾಯ ಹೊಳೆಯಿತು. "ಹಂಗಾದ್ರ ಹಿಂಗ ಮಾಡೂಣು. ತೊಟ್ಟಲಾ ಈ ದಿಕ್ಕಿಗೆ ಬ್ಯಾಡ, ಆ ಕಡೆ ತೊಲಿಗೆ ಕಟ್ಟಿದ್ರ ಕೂಸಿಗೆ ಛಲೋ ಅಂತ ಹೇಳೂಣು. ಬೀಗರು ಹೋದ ಮ್ಯಾಲ ನಿಧಾನ ಬಿಚ್ಚಿ ನೋಡೂಣು."

"ಸುಳ್ಳು ಹೇಳಿ ಕೊಂಡಿ ಬದಲಿ ಮಾಡಿದ್ರ ತೊಟ್ಟಲಾ ಉಳೀತೈತಿ. ಬಾಣಂತಿ ಮಂಚ ಎಲ್ಲೈತಿ?"

ಮಂಚ ಅದೇ ತೊಲೆಯ ಕೆಳಗಿತ್ತು. ಅವರು ಒದ್ದೆ ಕಾಲಲ್ಲೇ ಎದ್ದು ಹೋದರು. ಕಾರಣ ಬೆಳಿಗ್ಗೆ ಹೇಳುತ್ತೇನೆ, ಈಗ ಮಂಚವನ್ನು ನಡುಮನೆಗೆ ತರಿಸಿರಿ ಎಂದು ಶಾಂತವ್ವನವರಿಗೆ ಹೇಳಿ ಬಂದರು. ಆಕೆ ಬೈಯುತ್ತಲೇ ತರಿಸಿದರಂತೆ. ಆ ರಾತ್ರಿ ನಮ್ಮವರು ಊಟ ಮಾಡಲಿಲ್ಲ.

ಬೆಳಿಗ್ಗೆ ಬಸ್ತ್ಯಾಂವ ಬಂದ. ಬಸ್ತ್ಯಾಂವ ದಾಂಡೇಲಿ ರಸ್ತೆಯ ಹಳ್ಳಿಯ ಸಿದ್ದಿ ಮನೆತನದವನು. ಕರಗಸ ಎಳೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮರವನ್ನು ಬೆರಳಿಂದ ತಟ್ಟಿ ಒಳಗೆ ಟೊಳ್ಳಿದೆಯೋ ಇಲ್ಲವೋ ಹೇಳುತ್ತಿದ್ದ. ಹತ್ತು ವರ್ಷದಿಂದ ನಮ್ಮವರ ಜೊತೆಗಿದ್ದ, ಅತ್ತಿಗೆ ಎಂಬ ಲೆಕ್ಕದಲ್ಲಿ ನನ್ನನ್ನು ವೈನಿ ಎನ್ನುತ್ತಿದ್ದ. ಕ್ರಿಸ್ಮಸ್ಸಿಗೆ ನಾವು ಅವನ ಮನೆಗೆ, ಪಂಚಮಿ ಉಂಡಿಗೆ ಅವನು ನಮ್ಮ ಮನೆಗೆ.

"ಏನ್ ವೈನಿ, ಮಿಸ್ತ್ರಿ ಮಾರಿ ಹುಳಿ ಮಜ್ಜಿಗಿ ಕುಡದಂಗ ಆಗೈತಲ್ಲ?" ಎಂದ. ಸಂಗತಿ ಕೇಳಿದ ಮೇಲೆ ಕರಗಸವನ್ನು ಹೆಗಲಿಗೇರಿಸಿದ.

ನಾವು ಮೂವರೂ ಹೋಗಿ ಶಾಂತವ್ವನವರ ಪಡಸಾಲೆಯಲ್ಲಿ ನಿಂತೆವು. ನಮ್ಮವರು ಯಾವ ಪೀಠಿಕೆಯೂ ಇಲ್ಲದೆ ಹೇಳಿದರು.

"ಅವ್ವಾರ, ಒಂದು ತೊಲಿ ತಲಿ ನೋಡದ ಛತ್ತ ಮುಚ್ಚೇನಿ. ಅದು ಇಳದೈತಿ. ಇವತ್ತ ಬಿಚ್ಚಬೇಕು."

"ಇವತ್ತ? ನಾಡದ ತೊಟ್ಟಲಾ! ಬೀಗರು ಬರೂ ಹೊತ್ತಿಗೆ ಛತ್ತ ಕಿತ್ತ ಕುಂಡರತೀ ಏನು? ಹಗ್ಗ ಏನು ಆಕಾಶಕ್ಕ ಕಟ್ಟಲಿ?" ಶಾಂತವ್ವನವರ ದನಿ ಖಂಡಿತ ಅಂಗಡಿ ಮುಟ್ಟಿರಬೇಕು. "ಏಳು ನೋಡಿದಾಂವಗ ಎಂಟನೇದು ಯಾಕ ಕಾಣಲಿಲ್ಲೋ?"

"ನಿಮ್ಮ ಜಗಲಿ ಮ್ಯಾಲ ಇತ್ರಿ. ಶ್ರಾವಣ ಇತ್ತು. ದೇವರ ಮ್ಯಾಲ ಮಣ್ಣ ಬೀಳಬಾರದಂತ…"

ಶಾಂತವ್ವನವರು ಅವರನ್ನೇ ನೋಡುತ್ತಾ ನಿಂತರು. ಬಸ್ತ್ಯಾಂವ ಉಗುರು ನೋಡಿಕೊಳ್ಳುತ್ತಿದ್ದ. ನಾನು ಸೆರಗು ಬಿಗಿಹಿಡಿದಿದ್ದೆ.

"ಕೇಳಬೇಕಿಲ್ಲೋ ಬಡಿಗ್ಯಾ?" ಎಂದರು ಆಕೆ. ದನಿ ಇಳಿದಿತ್ತು. "ನೀ ಒಂದು ಮಾತ ಕೇಳಿದ್ರ ಶ್ರಾವಣದಾಗನ ಎತ್ತಿ ಇಡತಿದ್ದೆ. ನನ್ನ ದೇವರು ಎಲ್ಲಿಟ್ಟರೂ ಕುಂಡರತಾನ. ನನ್ನ ಪರವಾಗಿ ನೀನ ಹೆಂಗ ತಿಳಕೊಂಡಿ?"

ಆಕೆ ಉತ್ತರಕ್ಕೆ ಕಾಯಲಿಲ್ಲ. ದೇವರ ಮನೆಗೆ ಹೋಗಿ, ಕೈಮುಗಿದು, ಒಂದೊಂದೇ ಮೂರ್ತಿಯನ್ನು ಸೆರಗಿನಲ್ಲಿಟ್ಟುಕೊಂಡು ಅಡುಗೆ ಮನೆಗೆ ಒಯ್ದು ಮಣೆಯ ಮೇಲೆ ಕೂಡಿಸಿದರು. ಧೂಳು ತಾಗದಿರಲೆಂದು ಮಹಾದೇವಿಯನ್ನೂ ಕೂಸನ್ನೂ ಅಲ್ಲಿಗೇ ಕರೆತಂದರು. ಎರಡು ದಿನ ಆ ಅಡುಗೆ ಮನೆಯಲ್ಲಿ ಒಂದು ಗೋಡೆಗೆ ದೇವರು, ಇನ್ನೊಂದು ಗೋಡೆಗೆ ಕೂಸು, ನಡುವೆ ಒಲೆ. ಶಾಂತವ್ವನವರು ದೀಪ ಹಚ್ಚಿ ಎರಡೂ ಕಡೆ ತಿರುಗಿ ಕೈಮುಗಿಯುತ್ತಿದ್ದರು.

ಬಸ್ತ್ಯಾಂವ ತೊಲೆಯನ್ನು ಕೆಳಗಿನಿಂದ ಹೊರಲು ಎರಡು ಊರುಗಂಬ ಕೊಟ್ಟ. ನಮ್ಮವರು ಜಗಲಿಯ ಮೇಲಿನ ಎರಡು ಕಲ್ಲು ಕಿತ್ತು ಉಳಿ ಚುಚ್ಚಿದರು. ಹಸಿ ಬೆಲ್ಲದ ಪೆಂಟಿಯಲ್ಲಿ ಇಳಿದ ಹಾಗೆ ಅದು ಹಿಡಿಯವರೆಗೂ ಹೋಯಿತು. ತೆಗೆದಾಗ ಕಂದು ನೀರು ಗೋಡೆಗುಂಟ ಹರಿಯಿತು. ಶಾಂತವ್ವನವರು ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. "ಶಿವನ," ಎಂದು ಅಡುಗೆ ಮನೆಗೆ ಹೋಗಿ ಕೂಸಿನ ಪಕ್ಕ ಕೂತರು.

ಇಡೀ ತೊಲೆ ಬದಲಿಸಬೇಕಿತ್ತು. ಪೇಟೆಯಲ್ಲಿ ಕಟ್ಟಿಗೆ ಇತ್ತು, ಆದರೆ ಎಲ್ಲ ಮಳೆಗೆ ನೆಂದದ್ದು. ಹಸಿ ತೊಲೆ ಏರಿಸಿದರೆ ಒಣಗುವಾಗ ತಿರುಚುತ್ತದೆ. ಅಣೆಕಟ್ಟಿನ ನೀರಲ್ಲಿ ಸೂಪಾ ಮುಳುಗುವ ಮೊದಲು ಅಲ್ಲಿನ ಮನೆ ಬಿಚ್ಚಿ ತಂದ ಒಣ ತೊಲೆಗಳು ಜೋಯಿಡಾದಲ್ಲಿ ಒಬ್ಬರ ಹತ್ತಿರ ಇವೆ ಎಂದು ಬಸ್ತ್ಯಾಂವ ಹೇಳಿದ. ಆದರೆ ಎರಡು ದಿನದಲ್ಲಿ ಅದು ಬರುವಂತಿರಲಿಲ್ಲ. ನಮ್ಮವರು ಅಲ್ಲಿಂದ ಹೊರಟರು. ನಾವು ಹಿಂದೆ ನಡೆದೆವು. ಅವರು ನಮ್ಮ ಮನೆಗೇ ಬಂದು ಪಡಸಾಲೆಯಲ್ಲಿ ನಿಂತು ಮೇಲೆ ನೋಡಿದರು. ಮಾವನವರು ಹಾಕಿದ್ದ ಮತ್ತಿ ಮರದ ತೊಲೆ. ನಲವತ್ತು ವರ್ಷ ಒಲೆಯ ಹೊಗೆ ಕುಡಿದು ಕಪ್ಪಾಗಿತ್ತು.

"ಏನ್ರೀ, ನಮ್ಮ ಮನೀನ?" ಎಂದೆ.

"ನಮ್ಮ ಮನಿ ಬಿದ್ರ ನಮ್ಮ ಮ್ಯಾಲ ಬೀಳತೈತಿ."

"ಭಾಳ ಛಲೋ ಮಾತ ಹೇಳಿದ್ರಿ. ಕೆಳಗ ಮಲಗಾಕಿ ನಾನೂ ಅದೇನಿ."

ಆಗಿನ್ನೂ ನಮಗೆ ಮಕ್ಕಳಾಗಿರಲಿಲ್ಲ, ಇದ್ದವರು ನಾವಿಬ್ಬರೇ. ಅವರು ನನ್ನ ಕಡೆ ತಿರುಗಿದರು. "ನೀ ಬ್ಯಾಡಂದ್ರ ಮುಟ್ಟೂದಿಲ್ಲ," ಎಂದರು. ಒಂದು ತಾಸಿನ ಹಿಂದೆ ಕಲಿತದ್ದನ್ನು ಮನೆಯಲ್ಲೇ ಮೊದಲು ಮಾಡಿ ತೋರಿಸಿದ್ದರು. ನನಗೆ ನಗು ಬಂತು.

"ತಗೀರಿ. ಆದ್ರ ಅಡಗಿ ಮನಿ ಕಡೆ ಕೈ ಹಚ್ಚಬ್ಯಾಡ್ರಿ."

ಹಂಚು ಇಳಿಸಿ, ಊರುಗಂಬ ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ತೊಲೆ ತೆಗೆದರು. ಮುಂದೆ ಬಸ್ತ್ಯಾಂವ, ಹಿಂದೆ ಅವರು, ಹೆಗಲ ಮೇಲೆ ಹೊತ್ತು ಪೇಟೆಯ ನಡುವೆ ಹೊರಟರು. ನಾನು ಅಂಟಿನ ಪಾತ್ರೆ ಹಿಡಿದು ಹಿಂದೆ. ಅಂಗಡಿಯವರೆಲ್ಲ ಎದ್ದು ನೋಡಿದರು.

"ಏನೋ ಬಸ್ತ್ಯಾಂವ, ಏನ್ ಮೆರವಣಿಗಿ ಇದು?" ಎಂದು ಯಾರೋ ಕೂಗಿದರು.

"ಮಿಸ್ತ್ರಿ ಮನಿ ಸವಾರಿ ಹೊಂಟೈತ್ರಿ! ಇವತ್ತ ತೊಲಿ, ನಾಳೆ ಬಾಗಿಲಾ. ವೈನೀನ ಕಡೀಕ ಕಳಸತಾರಂತ!"

ನಮ್ಮವರೂ ನಕ್ಕರು. ಹಿಂದಿನ ಸಂಜೆಯಿಂದ ಅವರು ನಕ್ಕದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನಕ್ಕೆ ತೊಲೆ ಕೂತಿತು, ಹಲಗೆ ಮುಚ್ಚಿದ್ದಾಯಿತು, ನಾನು ಪಟ್ಟಿ ಹಚ್ಚಿದೆ. ಒಣಗಲೆಂದು ಮೂರು ಕಡೆ ಕೆಂಡದ ಬುಟ್ಟಿ ಇಟ್ಟೆವು. ಸುಣ್ಣ ಒಂದೇ ಕೈ ಆಯಿತು. ಆ ಮೂಲೆ ಸ್ವಲ್ಪ ಮಾಸಲಾಗಿ ಉಳಿಯಿತು. ಕೊಂಡಿಗೆ ಹಗ್ಗ ಕಟ್ಟಿ ಮೊದಲು ಬಸ್ತ್ಯಾಂವ ಜೋತುಬಿದ್ದ. ಅವನು ಇಳಿಯುವ ಮೊದಲೇ ನಮ್ಮವರೂ ಹಗ್ಗ ಹಿಡಿದು ಕಾಲು ಮೇಲೆತ್ತಿದರು. ಇಬ್ಬರು ಗಂಡಸರು ಗರಗರ ತಿರುಗುತ್ತಿದ್ದಾಗ ಶಾಂತವ್ವನವರು ಒಳಗೆ ಬಂದರು.

"ಪಂಚಮಿ ಹೋಗಿ ತಿಂಗಳಾತು, ಈಗ ಜೋಕಾಲಿ ಆಡಾಕತ್ತೀರೇನ್ರೋ?"

"ನಿಮ್ಮ ಮೊಮ್ಮಗ ನಮ್ಮಷ್ಟ ದಪ್ಪ ಆಗೂತನಕ ಚಿಂತಿಲ್ರಿ ಅವ್ವಾರ," ಎಂದ ಬಸ್ತ್ಯಾಂವ ಮೇಲಿನಿಂದಲೇ. ಮಹಾದೇವಿ ಅಡುಗೆ ಮನೆಯಲ್ಲಿ ನಕ್ಕದ್ದು ನಮಗೆ ಕೇಳಿಸಿತು.

ಹದಿಮೂರನೆಯ ದಿನ ಬೀಗರು ಬಂದರು. ಪದ್ಧತಿಯಂತೆ ಮೊದಲು ಗುಂಡುಕಲ್ಲಿಗೆ ಕುಲಾಯಿ ಹಾಕಿ ತೊಟ್ಟಿಲಲ್ಲಿ ಮಲಗಿಸಿದರು. ಹೆಂಗಸರು ಜೋಗುಳ ಎತ್ತಿದರು. ಆಮೇಲೆ ಕಲ್ಲು ತೆಗೆದು ಕೂಸನ್ನು ಹಾಕಿದರು. ಹೊಸ ಹಗ್ಗ ಕೊಂಡಿಗೆ ಉಜ್ಜಿ ಕಿರ್ ಎಂದಿತು. ಹೊರಗೆ ಬಾಗಿಲ ಹತ್ತಿರ ನಿಂತಿದ್ದ ನಮ್ಮವರು ಒಂದು ಹೆಜ್ಜೆ ಒಳಗೇ ಇಟ್ಟುಬಿಟ್ಟರು. ಹೆಂಗಸರ ನಡುವೆ ಗಂಡಸು ಬಂದದ್ದಕ್ಕೆ ಎಲ್ಲರೂ ತಿರುಗಿ ನೋಡಿದರು. ಏನೂ ಆಗಲಿಲ್ಲ. ತೊಟ್ಟಿಲು ಹೋಗಿ ಬಂತು, ಹೋಗಿ ಬಂತು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಅಷ್ಟೂ ಹೊತ್ತು ನಮ್ಮವರು ಮೇಲೆಯೇ ನೋಡುತ್ತಿದ್ದರು. ಕೂಸಿನ ಹೆಸರು ಏನೆಂದು ಮನೆಗೆ ಬಂದ ಮೇಲೆ ನನ್ನನ್ನು ಕೇಳಿದರು.

ಶಾಂತವ್ವನವರು ಬೀಗರ ಮುಂದೆ ಏನನ್ನೂ ಮುಚ್ಚಿಡಲಿಲ್ಲ. ಬೀಗಿತ್ತಿ ಆ ಮಾಸಲು ಮೂಲೆ ತೋರಿಸಿ ಕೇಳಿದ್ದೇ ತಡ, ಮೊದಲಿನಿಂದ ಕಡೆಯವರೆಗೆ ಹೇಳಿದರು. "ಈ ಬಡಿಗ್ಯಾ ನೋಡದ ಮುಚ್ಚಿದ್ದ. ತಾನ ಬಂದು ಹೇಳಿದ. ತನ್ನ ಮನಿ ತೊಲಿ ತಂದು ಹಾಕ್ಯಾನ," ಎಂದು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇನ್ನು ಊರಲ್ಲಿ ಕೆಲಸ ಸಿಕ್ಕ ಹಾಗೇ ಎಂದುಕೊಂಡೆ. ಆದದ್ದು ಬೇರೆ. ದಸರೆಯ ಹೊತ್ತಿಗೆ ಮುಂಡಗೋಡದಿಂದಲೇ ಮೂರು ಮನೆಯವರು ಕರೆದರು. "ತಪ್ಪಾದ್ರ ಬಂದು ಹೇಳ್ತಾನಂತ" ಎಂಬ ಮಾತು ನಮಗಿಂತ ಮೊದಲು ಆ ಊರು ಮುಟ್ಟಿತ್ತು.

ಆಮೇಲೆ ಯಾರ ಮನೆಗೆ ಹೋದರೂ ಅವರು ಮೊದಲು ಮನೆಯ ಹೆಂಗಸರನ್ನು ಕರೆದು, ಗೋಡೆ ತೋರಿಸಿ, "ಇಲ್ಲಿ ಒಡೀಬಹುದೇನ್ರಿ?" ಎಂದು ಕೇಳುತ್ತಿದ್ದರು. ಮುಂಡಗೋಡದ ಟಿಬೆಟನ್ ಕಾಲೊನಿಯ ಒಂದು ಮನೆಯಲ್ಲಿ ಅಜ್ಜಿಗೆ ನಮ್ಮ ಮಾತು ಬರುತ್ತಿರಲಿಲ್ಲ. ನಮ್ಮವರು ದೀಪದ ಬಟ್ಟಲುಗಳ ಸಾಲು ತೋರಿಸಿ, ಉಳಿ ತೋರಿಸಿ, ಕೈಮುಗಿದರು. ಅಜ್ಜಿ ನಕ್ಕು ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ನನ್ನ ಕೈಗೆ ಕೊಟ್ಟಳು. ಅವನ್ನೆಲ್ಲ ಹಿಡಿದು ನಾನು ಅರ್ಧ ತಾಸು ಅಂಗಳದಲ್ಲಿ ನಿಂತಿದ್ದೆ.

ನಮ್ಮ ಪಡಸಾಲೆ ಆ ವರ್ಷ ಬೇಸಿಗೆಯವರೆಗೆ ಊರುಗಂಬಗಳ ಮೇಲೆ ನಿಂತಿತ್ತು. ಬಂದವರೆಲ್ಲ ಅವಕ್ಕೆ ಹಾಯುತ್ತಿದ್ದರು. ಆದರೂ ಆ ಚಳಿಗಾಲದಲ್ಲಿ ಅವರು ನಿದ್ದೆ ಮಾಡಿದ ಹಾಗೆ ಅದಕ್ಕೆ ಮೊದಲು ಮಾಡಿದ್ದನ್ನು ನಾನು ನೋಡಿರಲಿಲ್ಲ. ನನಗೂ ಎದೆಯ ಮೇಲಿನ ಕಲ್ಲು ಇಳಿದಂತೆ ಆಗಿತ್ತು. ಬೀಳಬೇಕಾದದ್ದು ಬೀಳಲಿಲ್ಲ. ಅಷ್ಟರ ಮೇಲೆ ಏನು ಬಂದರೂ ತಡೆದುಕೊಳ್ಳಬಹುದು ಎನಿಸಿತ್ತು.

ಹೋದ ಕಾರ್ತಿಕದಲ್ಲಿ ನಾಲ್ಕು ದಿನದ ಜ್ವರದಲ್ಲಿ ಅವರು ಹೋದರು. ಬಸ್ತ್ಯಾಂವ ಕೋಲೂರಿಕೊಂಡು ಬಂದು ಇಡೀ ದಿನ ಕಟ್ಟೆಯ ಮೇಲೆ ಕೂತಿದ್ದ. ಮಗಳು ಅಳಿಯ ಇದೇ ಊರಲ್ಲಿದ್ದಾರೆ, ದಿನವೂ ಬರುತ್ತಾರೆ. ನನಗೆ ಊಟಕ್ಕೆ, ಮಾತಿಗೆ ಕೊರತೆಯಿಲ್ಲ. ಈ ಮಳೆಗಾಲದಲ್ಲಿ ಎರಡು ಸಲ ದೊಡ್ಡ ಗಾಳಿ ಬಂತು. ಮನೆ ಎಲ್ಲಿಯೂ ಸೋರಲಿಲ್ಲ. ಅವರು ಜೋಡಿಸಿದ ಹಲಗೆಗಳು ಬೆಳ್ಳಗೆ ಒಣಗಿಯೇ ಇವೆ.

ಅವರು ಇಲ್ಲ.